ಸೇವ್ ಮಾಡದ ನಿಯಮಗಳು

ಆ ಮನುಷ್ಯನನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ. ಹಿರಿಯೂರಿನಿಂದ ಬರುತ್ತಿದ್ದ ಕಂಪ್ಯೂಟರ್ ಎಂಜಿನಿಯರ್ ಅವನು. ಎರಡು ಸಾವಿರದ ಇಸವಿ ದಾಟಿ ನಾಲ್ಕೈದು ವರ್ಷವಾಗಿತ್ತು. ಚಿತ್ರದುರ್ಗದ ಕಾಲೇಜೊಂದರಲ್ಲಿ ನಾನು ಕಂಪ್ಯೂಟರ್ ಲ್ಯಾಬ್ ನೋಡಿಕೊಳ್ಳುತ್ತಿದ್ದೆ. ಹಂಗಾಮಿ ಕೆಲಸ, ಪ್ರಿನ್ಸಿಪಾಲರು ಬೇಡ ಎಂದರೆ ಮುಗಿಯಿತು.

ಲ್ಯಾಬಿನ ಸರ್ವರ್‌ಗೆ ಫೈರ್‌ವಾಲ್ ಹಾಕಿದ್ದವನು ಅವನೇ. ಚಾಟಿಂಗ್, ಆಟ ಯಾವುದೂ ಹುಡುಗರಿಗೆ ಸಿಗದಂತೆ ಕಪ್ಪು ಪರದೆಯ ಮೇಲೆ ಒಂದೊಂದೇ ನಿಯಮ ಟೈಪ್ ಮಾಡುತ್ತಿದ್ದ. ಕರೆಂಟ್ ಹೋಗಿ ಸರ್ವರ್ ಮತ್ತೆ ಶುರುವಾದರೆ ಒಂದು ನಿಯಮವೂ ಉಳಿದಿರುತ್ತಿರಲಿಲ್ಲ. ನಮ್ಮ ಯುಪಿಎಸ್ಸೋ, ದೇವರಿಗೇ ಪ್ರೀತಿ. ಹುಡುಗರು ಚಾಟಿಂಗ್‌ಗೆ ಇಳಿಯುವರು, ಪ್ರಿನ್ಸಿಪಾಲರು ನನ್ನನ್ನು ಕರೆಸಿ ಬೈಯುವರು, ಅವನು ಬಸ್ ಹತ್ತಿ ಬಂದು ಮತ್ತೆ ನಿಯಮ ಹಾಕಿ ಬಿಲ್ ಕೊಡುವನು. ಟೈಪ್ ಮಾಡುವಾಗ ನನ್ನನ್ನು ಹತ್ತಿರಕ್ಕೂ ಬಿಡುತ್ತಿರಲಿಲ್ಲ.

“ಮೇಡಂ ಏನೇನೋ ಒತ್ತಿರ್ತಾರೆ ಸಾರ್, ಅದ್ಕೇ ಎಲ್ಲಾ ಅಳಿಸಿ ಹೋಗೈತೆ,” ಎಂದು ಪ್ರಿನ್ಸಿಪಾಲರ ಹತ್ತಿರ ಚಾಡಿ ಹೇಳಿ ಹೋಗುತ್ತಿದ್ದ. ಎರಡು ವರ್ಷ ಇದೇ ರಾಗ. ಕೊನೆಗೆ ಪ್ರಿನ್ಸಿಪಾಲರು, “ಇನ್ನೊಂದ್ಸಲ ಹಿಂಗಾದ್ರೆ ನೀವು ಬರೋದೇ ಬೇಡಮ್ಮ,” ಎಂದರು. ನನಗೆ ಮೈಯೆಲ್ಲಾ ಉರಿದು ಹೋಯಿತು.

ಫೈರ್‌ವಾಲಿನ ಕೈಪಿಡಿ ಸರ್ವರಿನಲ್ಲೇ ಇತ್ತು. ಅಷ್ಟನ್ನೂ ಪ್ರಿಂಟ್ ತೆಗೆದು, ಹೊಳಲ್ಕೆರೆಯ ನನ್ನ ಮನೆಗೆ ಹೋಗಿಬರುವ ಬಸ್ಸಿನಲ್ಲಿ ಓದಿದೆ. ಅರ್ಧ ತಲೆಗೆ ಹತ್ತಲಿಲ್ಲ. ನಾಲ್ಕನೇ ದಿನ ಸಿಕ್ಕಿತು: ‘ಸರ್ವೀಸ್ ಐಪಿಟೇಬಲ್ಸ್ ಸೇವ್’. ಮೂರೇ ಪದ. ನಿಯಮ ಹಾಕಿದ ಮೇಲೆ ಇಷ್ಟು ಟೈಪ್ ಮಾಡಿದರೆ ಅವು ಡಿಸ್ಕಿನಲ್ಲಿ ಉಳಿಯುತ್ತವೆ, ಸರ್ವರ್ ಎಷ್ಟು ಸಲ ಆರಿದರೂ ತಾವೇ ಮರಳಿ ಬರುತ್ತವೆ. ಇದು ಅವನಿಗೆ ಗೊತ್ತಿಲ್ಲದೆ ಇರಲಿಲ್ಲ. ಹೇಳಿಬಿಟ್ಟರೆ ಅವನನ್ನು ಕರೆಸುವವರು ಯಾರು?

ಅದೃಷ್ಟಕ್ಕೆ ಆ ವಾರ ಕರೆಂಟ್ ಕೈಕೊಟ್ಟಿರಲಿಲ್ಲ, ಅವನು ಹಾಕಿದ ನಿಯಮಗಳು ಇನ್ನೂ ಇದ್ದವು. ಆ ಮೂರು ಪದ ಟೈಪ್ ಮಾಡಿದೆ. ಅವನು ಪ್ರಿಂಟರ್ ರಿಪೇರಿಗೆ ಬಂದ ದಿನ ಪ್ರಿನ್ಸಿಪಾಲರನ್ನೂ ಲ್ಯಾಬಿಗೆ ಕರೆದು, ಇಬ್ಬರ ಎದುರಿಗೇ ಸರ್ವರಿನ ಸ್ವಿಚ್ ಆರಿಸಿದೆ.

“ಏನ್ರೀ ಮಾಡ್ತಿದ್ದೀರ!” ಎಂದು ಅವನು ಕಿರುಚಿದ.

ಸ್ವಿಚ್ ಹಾಕಿದೆ. ಸರ್ವರ್ ಶುರುವಾಯಿತು. ಚಾಟಿಂಗ್ ತೆರೆಯಲಿಲ್ಲ. ನಿಯಮಗಳೆಲ್ಲ ಹಾಗೇ ಇದ್ದವು. ಪರದೆಯ ಮೇಲೆ ಅವನ್ನು ತೋರಿಸಿ, “ಇವ್ರು ಎರಡು ವರ್ಷ ಬೇಕಂತ್ಲೇ ಸೇವ್ ಮಾಡ್ಲಿಲ್ಲ ಸಾರ್. ಒಂದೇ ಸಾಲು,” ಎಂದೆ.

ಪ್ರಿನ್ಸಿಪಾಲರು ಪರದೆ ನೋಡಿದರು, ಆಮೇಲೆ ನನ್ನನ್ನು ನೋಡಿದರು.

“ಒಂದೇ ಸಾಲು ಅಂತೀರಿ. ಮತ್ತೆ ಎರಡು ವರ್ಷ ನೀವೇನ್ ಮಾಡ್ತಿದ್ರಿ?”

“ನಾನೂ ಅದನ್ನೇ ಹೇಳ್ತಿದ್ದಿದ್ದು ಸಾರ್,” ಎಂದ ಅವನು.