ನಾಲ್ಕು ನಿಮಿಷ ಹದಿನೇಳು ಸೆಕೆಂಡು

ಪರಿಮಳಾ ಟೀಚರು ಕಕ್ಕೇರಾದ ಶಾಲೆಯಲ್ಲಿ ಮೂವತ್ತೊಂದು ವರ್ಷ ಮಗ್ಗಿ ಕಲಿಸಿದವರು. ಅವರ ಗಂಟಲಿಗೆ ಹೆದರದವರು ಊರಲ್ಲಿ ಒಬ್ಬರೇ ಇದ್ದರು, ಗಂಡ ಬುದ್ಧಪ್ರಿಯ. ಹೆದರುವುದಿರಲಿ, ಅವರು ಅದನ್ನು ಅಳೆಯುತ್ತಿದ್ದರು.

ಬುದ್ಧಪ್ರಿಯ ವಾಯುಪಡೆಯಲ್ಲಿ ಇಪ್ಪತ್ತು ವರ್ಷ ವಿಮಾನದ ಇಂಜಿನ್ ಬಿಚ್ಚಿ ಜೋಡಿಸಿದವರು. ಸ್ವತಃ ವಿಮಾನ ಹತ್ತಿದ್ದು ಎರಡೇ ಸಲ, ಎರಡೂ ಸಲ ವಾಂತಿ ಮಾಡಿಕೊಂಡಿದ್ದರು. ನಿವೃತ್ತಿಯ ದಿನ ಪೈಲಟ್ ಸಾಹೇಬರೊಬ್ಬರು ತಮ್ಮ ಕೈಗಡಿಯಾರ ಬಿಚ್ಚಿ ಇವರ ಮುಂಗೈಗೆ ಕಟ್ಟಿದರು. ಸ್ವಿಟ್ಜರ್‌ಲೆಂಡಿನ ಕ್ರೋನೋಗ್ರಾಫ್. ಅದರ ಬೆಲೆಗೆ ಸುರಪುರದಲ್ಲಿ ಒಂದು ಸೈಟು ಬರುತ್ತದೆ ಎಂದು ಯಾರೋ ಹೇಳಿದಾಗ ಪರಿಮಳಾ, ಹಾಗಾದರೆ ಸೈಟನ್ನೇ ಕೊಡಬೇಕಿತ್ತು ಎಂದರು.

ಅದರ ಉದ್ದನೆಯ ಸೆಕೆಂಡು ಮುಳ್ಳು ಸುಮ್ಮನೆ ನಿಂತಿರುತ್ತಿತ್ತು. ನೋಡಿದವರೆಲ್ಲ ವಾಚು ಕೆಟ್ಟಿದೆ ಎನ್ನುತ್ತಿದ್ದರು. ಬುದ್ಧಪ್ರಿಯ ಕಾಯುತ್ತಿದ್ದದ್ದೂ ಅದಕ್ಕೇ. ಮೇಲಿನ ಗುಂಡಿ ಒತ್ತಿದರೆ ಆ ಮುಳ್ಳು ಓಡುತ್ತದೆ, ಅದರ ಸುತ್ತುಗಳನ್ನು ಒಳಗಿನ ಪುಟ್ಟ ಮುಳ್ಳು ನಿಮಿಷಗಳಾಗಿ ಎಣಿಸುತ್ತದೆ, ಮತ್ತೆ ಒತ್ತಿದರೆ ನಿಲ್ಲುತ್ತದೆ, ಕೆಳಗಿನದನ್ನು ಒತ್ತಿದರೆ ಸೊನ್ನೆಗೆ ಹಾರುತ್ತದೆ. ಹಿಂದಿನ ಪೈಲಟ್‌ಗಳು ಮೋಡದೊಳಗೆ ಹೊಕ್ಕಾಗ, ಇಷ್ಟು ವೇಗದಲ್ಲಿ ಇಷ್ಟು ನಿಮಿಷ ಹೋದ ಮೇಲೆ ತಿರುಗಬೇಕು ಎಂದು ಲೆಕ್ಕ ಹಾಕಲು ಇಂಥ ಮುಳ್ಳನ್ನೇ ನಂಬಿದ್ದರು. ಕೈಗವಸು ಹಾಕಿಕೊಂಡೇ ತಿರುಗಿಸಲೆಂದು ಕೀಲಿ ಕೊಡುವ ತಿರುಪು ಅಷ್ಟು ದಪ್ಪ. ಇಷ್ಟನ್ನೂ ಹೇಳದೆ ಅವರು ಯಾರನ್ನೂ ಬಿಡುತ್ತಿರಲಿಲ್ಲ. ಅಂಥ ಗಡಿಯಾರದಿಂದ ಅವರು ಅಳೆದದ್ದು ಅನ್ನ ಕುದಿಯುವುದು, ಶಹಾಪುರದ ಬಸ್ಸು ತಡವಾಗುವುದು, ಹೆಂಡತಿ ಬೈಯುವುದು.

ಕೊನೆಯ ಸಲ ಬೈಸಿಕೊಂಡದ್ದು ಮಿರ್ಚಿ ಬಜ್ಜಿಗಾಗಿ. ಬಿಪಿ ಇದ್ದ ಮನುಷ್ಯ ಬಸ್‌ಸ್ಟ್ಯಾಂಡಿನಲ್ಲಿ ಮಂಡಕ್ಕಿ ಸುಸಲಾದ ಜೊತೆ ಐದು ಮಿರ್ಚಿ ತಿಂದು ಬಂದಿದ್ದರು. ಪರಿಮಳಾ ಬೈದು ಮುಗಿಸಿದಾಗ ಬುದ್ಧಪ್ರಿಯ ಗುಂಡಿ ಒತ್ತಿ ಹೇಳಿದರು:

“ನಾಕ ನಿಮಿಷ ಹದಿನೇಳ ಸೆಕೆಂಡ್. ಕಮ್ಮಿ ಆಗ್ಯಾದ. ಮೈಯಾಗ ಆರಾಮ ಇಲ್ಲೇನ ಪರಿಮಳಾ?”

ಮರುದಿನ ಬೆಳಿಗ್ಗೆ ಅವರೇ ಏಳಲಿಲ್ಲ.

ಆಮೇಲೆ ಮೂರು ತಿಂಗಳು ಪರಿಮಳಾ ದಿನವೂ ವಾಚಿಗೆ ಕೀಲಿ ಕೊಟ್ಟರು. ಗುಂಡಿಗಳನ್ನು ಮಾತ್ರ ಮುಟ್ಟಲಿಲ್ಲ. ಉದ್ದ ಮುಳ್ಳು ಹದಿನೇಳರ ಮೇಲೆ ಹಾಗೇ ಇತ್ತು. ಒಂದು ದಿನ ಟಿಕ್ ಟಿಕ್ ಸದ್ದು ನಿಂತುಹೋಯಿತು. ಆ ಸದ್ದೂ ಇಲ್ಲದ ಮನೆಯಲ್ಲಿ ಕೂರುವುದು ಅವರಿಂದಾಗಲಿಲ್ಲ. ಸುರಪುರದ ಅಲ್ಲಾಬಕ್ಷನ ವಾಚು ರಿಪೇರಿ ಅಂಗಡಿಗೆ ಹೋದರು. ಅಲ್ಲಾಬಕ್ಷ ಅವರ ಕೈಯಲ್ಲೇ ಮಗ್ಗಿ ಕಲಿತವನು. ಈಗಲೂ ಅವರನ್ನು ಕಂಡರೆ ಸ್ಟೂಲು ಬಿಟ್ಟು ಎದ್ದು ನಿಲ್ಲುತ್ತಾನೆ.

“ಎಣ್ಣಿ ಒಣಗ್ಯಾದ್ರಿ ಅಕ್ಕೋರೆ. ಮುಳ್ಳೆಲ್ಲಾ ಕಿತ್ತು ಸ್ವಚ್ಛ ಮಾಡ್ಬೇಕು.”

“ಈ ಉದ್ದಂದು ಮುಟ್ಟಬ್ಯಾಡ. ಅವರು ನಿಲ್ಸಿದ್ದದು.”

“ಕೀಳಲಾರದ ಆಗಂಗಿಲ್ರಿ.”

“ಹಂಗಾದ್ರ ಕಿತ್ತು, ಮತ್ತ ಹದಿನೇಳಕ್ಕ ಕೂಡ್ಸು.”

ಹೂಂ ಎಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಅಲ್ಲಾಬಕ್ಷ ಕಣ್ಣಿನ ಭೂತಗನ್ನಡಿ ತೆಗೆದ.

“ಕೂಡಸ್ತೀನ್ರಿ. ಆದ್ರ ಅದು ನಾ ನಿಲ್ಸಿದ್ದಾಗ್ತದ, ಸಾಹೇಬ್ರು ನಿಲ್ಸಿದ್ದಲ್ಲ.”

ಪರಿಮಳಾ ವಾಚು ಕಿತ್ತುಕೊಂಡು ಮನೆಗೆ ಬಂದರು. ಎಂಟು ದಿನ ಹದಿನೇಳನ್ನು ನೋಡುತ್ತ ಕುಳಿತರು. ಹದಿನೇಳು ಏನೂ ಮಾತಾಡಲಿಲ್ಲ. ಒಂಬತ್ತನೆಯ ದಿನ ಮತ್ತೆ ಅಂಗಡಿಗೆ ಹೋಗಿ, ವಾಚನ್ನು ಅವನ ಕೈಗೆ ಕೊಡುವ ಮೊದಲು ಕೆಳಗಿನ ಗುಂಡಿಯನ್ನು ತಾವೇ ಒತ್ತಿದರು. ಮುಳ್ಳು ಸೊನ್ನೆಗೆ ಹಾರಿತು.

“ಈಗ ಬಿಚ್ಚು,” ಎಂದರು. ಅಲ್ಲಾಬಕ್ಷ ತಲೆ ಎತ್ತದೆ ಕೆಲಸ ಶುರು ಮಾಡಿದ.

ವಾರದ ಮೇಲೆ ವಾಚು ಮನೆಗೆ ಬಂತು. ಗೋಡೆಯ ಮೇಲೆ ಬಾಬಾಸಾಹೇಬರ ಪಕ್ಕದಲ್ಲಿ ಬುದ್ಧಪ್ರಿಯ ಸಮವಸ್ತ್ರದಲ್ಲಿದ್ದರು. ಪರಿಮಳಾ ಎದುರಿಗೆ ಕುರ್ಚಿ ಎಳೆದುಕೊಂಡು ಕೂತು, ಮೇಲಿನ ಗುಂಡಿ ಒತ್ತಿದರು.

“ಐದು ಮಿರ್ಚಿ ತಿಂದ್ರಿ. ಒಂದಲ್ಲ, ಎರಡಲ್ಲ, ಐದು!”

ಅಲ್ಲಿಂದ ಶುರುವಾಯಿತು. ಅಂಗಿಯ ಕಿಸೆಯಲ್ಲಿ ಹಾಗೇ ಉಳಿದ ಬಿಪಿ ಮಾತ್ರೆಗೆ ಬೈದರು. ಹೇಳದೆ ಕೇಳದೆ ಹೋದದ್ದಕ್ಕೆ ಬೈದರು. ಮೊಸರು ಕೇಳಲು ಬಂದ ಪಕ್ಕದ ಮನೆಯ ಹಣಮಂತಮ್ಮ ಬಾಗಿಲಲ್ಲೇ ನಿಂತು ನೋಡಿ, ಬಟ್ಟಲು ಹಿಡಿದುಕೊಂಡೇ ಹಿಂದಿರುಗಿದಳು. ಬೈಯಲು ಏನೂ ಉಳಿಯದಿದ್ದಾಗ ಪರಿಮಳಾ ಗುಂಡಿ ಒತ್ತಿದರು. ಸೆರಗಿನಿಂದ ಕಣ್ಣೊರೆಸಿಕೊಂಡು ಮುಳ್ಳು ನೋಡಿದರು.

“ಆರ ನಿಮಿಷ ಎರಡ ಸೆಕೆಂಡ್,” ಎಂದರು ಫೋಟೋಗೆ. “ಕಮ್ಮಿ ಆಗಿಲ್ಲ ನೋಡ್ರಿ. ಆರಾಮ ಅದೀನಿ.”