ಭಾವ ಕೈಗಿತ್ತ ಹಗ್ಗದ ತುದಿ

ಎಲ್ಲರೆದುರು ಕೈಗೆ ಹಗ್ಗದ ತುದಿ ಕೊಟ್ಟು ಬಾಗಿಲ ಮೂಲೆಯಲ್ಲಿ ನಿಲ್ಲಿಸಿದ್ದನ್ನು ಗೂಳಿ ಇವತ್ತಿಗೂ ಮರೆತಿಲ್ಲ. ಮರೆಯುವ ಇರಾದೆಯೂ ಅವನಿಗಿಲ್ಲ. ಭಾರ ಸಾಗಿಸುವವರ ಗುಂಪಿನಲ್ಲಿ ಅವನಿಗೆ ಆ ಹೆಸರು ಸುಮ್ಮನೆ ಬಿದ್ದದ್ದಲ್ಲ. ಬೀರುವಿರಲಿ, ಮೋಟಾರಿರಲಿ, ಮುಂದಿನ ಹೆಗಲು ಅವನದೇ. ಅಂಥವನನ್ನು ಕರು ಕಾಯುವವನ ಹಾಗೆ ನಿಲ್ಲಿಸಿದವನು ಬೇರೆ ಯಾರೂ ಅಲ್ಲ, ಅಕ್ಕನ ಗಂಡ.

ಭಾವನನ್ನು ನೋಡಿದವರು ಇವನು ಭಾರದ ಕೆಲಸದವನೆಂದರೆ ನಂಬುತ್ತಿರಲಿಲ್ಲ. ಗಾಳಿ ಜೋರಾದರೆ ಗೋಡೆ ಹಿಡಿದುಕೊಳ್ಳಬೇಕಾದ ಮೈ. ಗುಂಪಿನವರ ಬಾಯಲ್ಲಿ ಅವನು ಕಡ್ಡಿ ಮೇಸ್ತ್ರಿ. ಆದರೆ ಅವನ ಗೋಣಿಚೀಲ ನೆಲಕ್ಕೆ ಕೂತಿತೆಂದರೆ ಎಂಥ ಯಂತ್ರವೂ ಅರ್ಧ ಒಪ್ಪಿಕೊಂಡ ಹಾಗೆ. ಚೀಲದ ತುಂಬ ಕಬ್ಬಿಣದ ಪೈಪಿನ ತುಂಡುಗಳು, ಗಟ್ಟಿಮರದ ಬೆಣೆಗಳು, ಸಣ್ಣ ಸಣ್ಣ ಹಲಗೆಗಳು, ಒಂದು ರಾಟೆ. ಹೆಗಲ ಮೇಲೆ ತನಗಿಂತ ಉದ್ದದ ಹಾರೆ.

ಹಾರೆಯ ತುದಿಯನ್ನು ಯಂತ್ರದ ಅಡಿಗೆ ತೂರಿಸಿ, ಕೆಳಗೊಂದು ಮರದ ದಿಮ್ಮಿ ಕೊಟ್ಟು, ಇನ್ನೊಂದು ತುದಿಯ ಮೇಲೆ ಮೆಲ್ಲಗೆ ಮೈ ಬಿಡುತ್ತಿದ್ದ. ಯಂತ್ರ ಬೆರಳಷ್ಟು ಏಳುತ್ತಿತ್ತು. ತಕ್ಷಣ ಅಡಿಗೆ ಹಲಗೆ. ಮತ್ತೆ ಬೆರಳಷ್ಟು, ಮತ್ತೆ ಹಲಗೆ. ಹಲಗೆ ಕೊಡದೆ ಎತ್ತಿದ್ದು ಅವನ ಪಾಲಿಗೆ ಎತ್ತಿದ್ದೇ ಅಲ್ಲ. ಒಮ್ಮೆ ಪೈಪುಗಳ ಮೇಲೆ ಕೂತಿತೋ, ಅಲ್ಲಾಡದ ಯಂತ್ರ ತೊಟ್ಟಿಲಿನಷ್ಟು ಹಗುರವಾಗಿ ಸಾಗುತ್ತಿತ್ತು. ಪೈಪು ಓರೆಯಾದರೆ ಸುತ್ತಿಗೆಯಲ್ಲಿ ತಟ್ಟಬೇಕು. ಕಾಲಲ್ಲಿ ಒದ್ದು ಸರಿಮಾಡಲು ಹೋದವನನ್ನು ಅವತ್ತೇ ಮನೆಗೆ ಕಳಿಸುತ್ತಿದ್ದ.

"ಎತ್ತೋಕೆ ನಾವ್ಯಾರು? ಅದೇ ಏಳ್ಬೇಕು. ನಾವು ಸ್ವಲ್ಪ ಪುಸಲಾಯಿಸ್ಬೇಕು, ಅಷ್ಟೆ," ಅನ್ನುತ್ತಿದ್ದ.

"ಭಾವ ಪುಸಲಾಯಿಸೋ ಹೊತ್ತಿಗೆ ನಾನು ಎತ್ತಿಟ್ಟು, ಉಂಡು, ಕೈ ತೊಳೆದಿರ್ತೀನಿ," ಎಂದು ಗೂಳಿ ಎಲ್ಲರನ್ನೂ ನಗಿಸುತ್ತಿದ್ದ. ಭಾವನೂ ನಗುತ್ತಿದ್ದ. ಭಾವನ ಅಪ್ಪ ಹೆಗಲ ಮೇಲೆ ಭಾರ ಹೊತ್ತೇ ಬದುಕಿದವನು. ನಡುವಯಸ್ಸಿಗೇ ಬೆನ್ನು ಬಾಗಿ, ಎದುರಿಗೆ ನಿಂತವರ ಮುಖ ನೋಡಬೇಕಾದರೆ ಕುರ್ಚಿಗೆ ಒರಗಬೇಕಾಗಿತ್ತು. ಆ ಬೆನ್ನು ನೋಡುತ್ತಲೇ ಮಗ ಬೆಳೆದಿದ್ದ.

ಆ ವರ್ಷ ಗೂಳಿಯ ಸೊಂಟದಲ್ಲೂ ನೋವೊಂದು ಮನೆ ಮಾಡಿತ್ತು. ಬೆಳಿಗ್ಗೆ ಗೋಡೆ ಹಿಡಿದು ಏಳುತ್ತಿದ್ದ. ಇನ್ನೊಂದು ದೊಡ್ಡ ಭಾರ ಹೊತ್ತರೆ ಹಾಸಿಗೆಯೇ ಗತಿ ಎಂದಿದ್ದರು ಡಾಕ್ಟರು. ಅವನು ಹೆಂಡತಿಗೂ ಬಾಯಿ ಬಿಟ್ಟಿರಲಿಲ್ಲ. ಗುಂಪಿಗೆ ತಿಳಿದರೆ ನಾಳೆಯಿಂದ ಕೆಲಸಕ್ಕೆ ಕರೆಯುವವರಿಲ್ಲ.

ಅಂಥ ಹೊತ್ತಿಗೇ ಪ್ರೆಸ್ಸಿನ ಕೆಲಸ ಬಂತು. ಕಾಗದ ಕತ್ತರಿಸುವ ಯಂತ್ರವನ್ನು ಬೀದಿಯಿಂದ ನೆಲಮಾಳಿಗೆಗೆ ಇಳಿಸಬೇಕಿತ್ತು. ದಾರಿ ಇಕ್ಕಟ್ಟಾದ ಇಳಿಜಾರು. ಯಂತ್ರದ ಮುಂದೆ ನಿಂತು, ಬೆನ್ನು ಕೊಟ್ಟು ತಡೆಯುತ್ತ ಇಳಿಯುವುದು ಯಾವತ್ತೂ ಗೂಳಿಯೇ. ಅವನು ಸೊಂಟಕ್ಕೆ ಟವೆಲ್ಲು ಬಿಗಿದು ಆಗಲೇ ಹೊರಟಿದ್ದ.

"ಮುಂದೆ ಯಾರೂ ಬೇಡ," ಎಂದ ಭಾವ. ಯಂತ್ರಕ್ಕೆ ಬಿಗಿದ ಹಗ್ಗವನ್ನು ಬಾಗಿಲ ಬಳಿಯ ಕಲ್ಲುಕಂಬಕ್ಕೆ ಸುತ್ತುಹಾಕಿ, ತುದಿಯನ್ನು ತಂದು ಗೂಳಿಯ ಕೈಗಿಟ್ಟ. "ಇದನ್ನ ಹಿಡ್ಕೊಂಡು ನಿಲ್ಲು. ನಾನು ಹೇಳಿದಷ್ಟೇ ಬಿಡು."

"ಗೂಳಿಗೆ ಕೊನೆಗೂ ಹಗ್ಗ ಬಿತ್ತು ಕಣ್ರೋ," ಎಂದು ಗುಂಪಿನಲ್ಲೊಬ್ಬ ಕಿಸಕ್ಕೆಂದ.

"ಏನ್ ಭಾವ, ಅಜ್ಜಿ ಕೆಲಸ ಕೊಡ್ತಿದೀರಾ ನಂಗೆ?"

"ಅಜ್ಜಿ ಆಗಿದ್ರೆ ಬಾಯಿ ಮುಚ್ಕೊಂಡು ಹಿಡೀತಿದ್ಲು. ಹಿಡ್ಕೋ."

ಗೂಳಿ ಹಿಡಿದುಕೊಂಡೇ ಬೈದ. ಭಾವನ ಕಡ್ಡಿ ಮೈಯನ್ನು ಬೈದ, ಇಂಥವನನ್ನು ಒಪ್ಪಿದ ಅಕ್ಕನ ಬುದ್ಧಿಯನ್ನು ಬೈದ. ಭಾವ ಕಿವಿಗೆ ಹಾಕಿಕೊಳ್ಳದೆ ಬೆಣೆ ತೆಗೆದ.

ಯಂತ್ರ ಅರ್ಧ ಇಳಿದಿತ್ತು. ಅದರಡಿಯ ಹಲಗೆಯೊಂದು ಫಟ್ಟನೆ ಸೀಳಿತು. ಇಡೀ ಯಂತ್ರ ಜಾರಿತು. ಹಗ್ಗ ಸೆಟೆಯಿತು, ಕಲ್ಲುಕಂಬದ ಸುತ್ತ ಕಿರುಗುಟ್ಟಿ ಕಚ್ಚಿಕೊಂಡಿತು. ಗೂಳಿ ಮಾಡಿದ್ದು ಇಷ್ಟೇ, ಮುಷ್ಟಿ ಬಿಗಿಹಿಡಿದ. ಭಾರವನ್ನೆಲ್ಲ ಕಂಬವೇ ನುಂಗಿತು, ಯಂತ್ರ ನಿಂತಿತು. ಅವನ ಬೆನ್ನು ಇರಬೇಕಾಗಿದ್ದ ಜಾಗದಲ್ಲಿ ಈಗ ಅದರ ಕಬ್ಬಿಣದ ಅಂಚು ನಿಂತಿತ್ತು.

"ಹಿಡ್ದಿದೀಯಾ?" ಕೆಳಗೆ ಯಂತ್ರದ ಪಕ್ಕದಿಂದ ಭಾವನ ದನಿ.

"ಹಿಡ್ದಿದೀನಿ."

"ಹಾಗಾದ್ರೆ ಬೈಯೋದು ಮುಂದುವರಿಸು. ನಾನು ಹಲಗೆ ಬದಲಾಯಿಸ್ತೀನಿ." ಪಕ್ಕದಿಂದ ಬೆಣೆ ಬಡಿದು, ಯಂತ್ರ ಕದಲದೆಂದು ಖಾತ್ರಿಯಾದ ಮೇಲೆಯೇ ಅವನು ಹಲಗೆಗೆ ಕೈ ಹಾಕಿದ.

ಕೆಲಸ ಮುಗಿಸಿ ಹೊರಟಾಗ ಭಾವ ಗುಂಪಿಗೆ ಹೇಳಿದ, "ಇನ್ಮೇಲೆ ಹಗ್ಗ ಇವನದೇ. ಇವನ ಹಿಡಿತ ಬೇರೆ ಯಾರಿಗೂ ಇಲ್ಲ." ಬೀದಿ ತಿರುಗಿ ಇಬ್ಬರೇ ಆದಾಗ, ಮುಖ ನೋಡದೆ ಇನ್ನೊಂದು ಮಾತು ಸೇರಿಸಿದ. "ಬೆಳಿಗ್ಗೆ ಚಪ್ಪಲಿ ಪಟ್ಟಿ ಹಾಕ್ಕೊಳೋಕೆ ಮೆಟ್ಟಿಲ ಮೇಲೆ ಕೂತ್ಯಲ್ಲ. ನಮ್ಮಪ್ಪನೂ ಹಂಗೇ ಕೂರ್ತಿದ್ದ."

ಅಷ್ಟೇ. ಆ ಮಾತು ಗುಂಪಿನವರ ಕಿವಿಗೆ ಯಾವತ್ತೂ ಬೀಳಲಿಲ್ಲ, ಅಕ್ಕನ ಕಿವಿಗೂ ಇಲ್ಲ.

ಅವತ್ತು ಕಿಸಕ್ಕೆಂದವನು ಈಗ ಕೋಲು ಹಿಡಿದು ನಡೆಯುತ್ತಾನೆ. ಹಾರೆ, ಗೋಣಿಚೀಲ ಎರಡೂ ಗೂಳಿಯ ಹೆಗಲಿಗೆ ಬಂದಿವೆ. ಬೆರಳು ಸೆಟೆದ ಭಾವ ಕುರ್ಚಿ ಹಾಕಿಸಿಕೊಂಡು ಕೂತು ತಪ್ಪು ಹುಡುಕುತ್ತಾನೆ. ಹೇಳಬೇಕಾದ ಮಾತೊಂದನ್ನು ಹೇಳಿಯೇಬಿಡೋಣವೆಂದು ಗೂಳಿ ಎಷ್ಟೋ ಸಲ ಹತ್ತಿರ ಹೋಗಿದ್ದಾನೆ. ಬಾಯಿ ತೆರೆದರೆ ಬರುವುದು ಜಗಳ.

"ಅವತ್ತು ಎಲ್ಲರೆದುರು ನನ್ನ ಮಾನ ತೆಗೆದ್ರಿ ನೀವು."

"ತೆಗೆದೆ. ಈಗೇನು, ವಾಪಸ್ ಬೇಕಾ?"

ಗೂಳಿ ಗುರ್ರೆನ್ನುತ್ತ ಬಗ್ಗಿ, ಭಾವನ ಚಪ್ಪಲಿಯ ಪಟ್ಟಿಗೆ ಕೈ ಹಾಕುತ್ತಾನೆ. ಗೋಡೆ ಹಿಡಿಯದೆ ಬಗ್ಗುತ್ತಾನೆ, ಗೋಡೆ ಹಿಡಿಯದೆ ಏಳುತ್ತಾನೆ. ಇಷ್ಟರಿಂದ ಆ ಋಣ ತೀರುವುದಿಲ್ಲವೆಂದು ಅವನಿಗೂ ಗೊತ್ತು.

"ಬಿಗಿ ಆಯ್ತು ಮಾರಾಯ," ಎನ್ನುತ್ತಾನೆ ಭಾವ. "ನಾನು ಹೇಳಿದಷ್ಟೇ ಬಿಡು."