ಕೂರದ ಲೆನ್ಸು

ಎಂಬತ್ತರ ದಶಕದ ಕೊನೆಯಲ್ಲಿ, ಅಮೆರಿಕದ ಬೇ ಏರಿಯಾದ ನಮ್ಮ ನಾಲ್ಕೈದು ಕನ್ನಡದ ಮನೆಗಳಲ್ಲಿ ಇದ್ದದ್ದು ಒಂದೇ ಕಂಪನಿಯ ಕ್ಯಾಮೆರಾ. ಇಡ್ಲಿ ಪಾತ್ರೆಯ ಹಾಗೆ ಲೆನ್ಸುಗಳೂ ಮನೆಯಿಂದ ಮನೆಗೆ ಓಡಾಡುತ್ತಿದ್ದವು. ಇಡೀ ಕೋಣೆಯನ್ನೇ ಒಂದು ಫೋಟೋದಲ್ಲಿ ಹಿಡಿಯುವ ವೈಡ್ ಆಂಗಲ್ ಲೆನ್ಸು ಮಾತ್ರ ಪಾಲೋ ಆಲ್ಟೋದ ಗೆಳೆಯನದು. ಯಾರ ಮನೆಯಲ್ಲಿ ಏನೇ ನಡೆದರೂ ಅದು ಬರಲೇಬೇಕು.

ಆಗ ಆ ಕಂಪನಿ ತಾನೇ ಫೋಕಸ್ ಮಾಡಿಕೊಳ್ಳುವ ಹೊಸ ಕ್ಯಾಮೆರಾ ಬಿಟ್ಟಿತು. ಡ್ಯಾನ್‌ವಿಲ್‌ನಲ್ಲಿ, ಇನ್ನೂ ಕ್ಯಾಮೆರಾ ಕೊಳ್ಳದಿದ್ದ ಒಬ್ಬರ ಮಗುವಿನ ನಾಮಕರಣವಿತ್ತು. ಅಲ್ಲಿಗೆ ಅದನ್ನು ಹೆಗಲಿಗೆ ಹಾಕಿಕೊಂಡೇ ಹೋಗಬೇಕೆಂಬ ಚಪಲ ನನಗೆ.

"ಹಳೇ ಲೆನ್ಸು ಕೂರುತ್ತೇನೋ? ಕೇಳಿ ನೋಡು" ಎಂದು ಗೆಳೆಯ ಫೋನಿನಲ್ಲಿ ಎಚ್ಚರಿಸಿದ್ದ.

"ಅದೇ ಕಂಪನಿ ಕಣೋ, ಹೇಗೆ ಕೂರಲ್ಲ? ನೀನು ಲೆನ್ಸು ತಗೊಂಡ್ ಬಾ, ಸಾಕು. ಬೇರೆ ಯಾರೂ ಕ್ಯಾಮೆರಾ ತರೋದು ಬೇಡ ಅಂತ ಎಲ್ಲರಿಗೂ ಹೇಳಿದೀನಿ."

ನಾಮಕರಣದ ದಿನ ದಾರಿಯಲ್ಲೇ ಅಂಗಡಿಗೆ ನುಗ್ಗಿ, ಲೆನ್ಸಿಲ್ಲದ ಬರೀ ಬಾಡಿ ಕೊಂಡೆ. ಅಂಗಡಿಯವನು ಏನೋ ಹೇಳಲು ಬಂದ. ನನಗೆ ಗೊತ್ತು ಎಂದು ಬಾಯಿ ಮುಚ್ಚಿಸಿದೆ.

ಮಗುವಿನ ಅಜ್ಜಿ ಮಂಡ್ಯದಿಂದ ಬಂದಿದ್ದರು. ತಾತ ಕಾಲು ಮುರಿದುಕೊಂಡು ಊರಲ್ಲೇ ಮಲಗಿದ್ದರು. "ಹೆಸರಿಡೋ ಫೋಟೋ ನೋಡಿದ್ರೆ ಎದ್ದು ಓಡಾಡ್ತಾರೆ ಕಣಪ್ಪಾ" ಎಂದು ಅಜ್ಜಿ ನನ್ನ ಕೈ ಹಿಡಿದು ಹೇಳಿದರು.

ಗೆಳೆಯ ಲೆನ್ಸಿಗೆ ಸುತ್ತಿದ್ದ ಬಟ್ಟೆ ಬಿಚ್ಚಿ ಕೊಟ್ಟ. ತಿರುಗಿಸಿದೆ, ಕೂರಲಿಲ್ಲ. ಆ ಕಡೆ ತಿರುಗಿಸಿದೆ. ಒತ್ತಿದೆ. ಗೆಳೆಯ ನನ್ನ ಕೈ ತಡೆದು ಮೆಲ್ಲಗೆ, "ಬಿಡೋ, ಇದರ ಬಾಯೇ ಬೇರೆ" ಎಂದ. ಮನೆಗೆ ಹೋಗಿ ಹಳೇ ಕ್ಯಾಮೆರಾ ತರೋಣವೆಂದರೆ ಫ್ರೀವೇಯಲ್ಲಿ ಒಂದು ಗಂಟೆಯ ಹಾದಿ, ಮುಹೂರ್ತ ಕಾಯುವುದಿಲ್ಲ. ಮಗುವಿನ ಕಿವಿಯಲ್ಲಿ ಹೆಸರು ಹೇಳಿಯೇಬಿಟ್ಟರು.

ಭೂಮಿ ಬಾಯಿಬಿಟ್ಟು ನುಂಗಬಾರದೇ ಎನ್ನಿಸಿತು. ಮುಖ ಯಾರಿಗೂ ಕಾಣದಿರಲಿ ಎಂದು ಆ ಖಾಲಿ ಕ್ಯಾಮೆರಾವನ್ನೇ ಕಣ್ಣಿಗೆ ಹಿಡಿದೆ. ಒಳಗೆ ಬರೀ ಮಸುಕು ಬೆಳಕು. ಅಜ್ಜಿಗೆ ಅದೇನು ಗೊತ್ತು? ಸೆರಗು ಸರಿ ಮಾಡಿಕೊಂಡು, ಮಗುವಿನ ಮುಖವನ್ನು ನನ್ನತ್ತ ತಿರುಗಿಸಿ, ಅಲುಗಾಡದೆ ಕೂತರು.

"ಬಂತೇನಪ್ಪಾ?"

ನಾನು ಕ್ಯಾಮೆರಾ ಕೆಳಗಿಳಿಸಿದೆ.

"ಇಲ್ಲ ಅಜ್ಜಿ," ಎಂದ ಗೆಳೆಯ. "ನಂದು ಹಳೇ ಲೆನ್ಸು, ಕೆಲಸಕ್ಕೆ ಬರ್ಲಿಲ್ಲ. ತಪ್ಪು ನಂದೇ."

ಅದು ಕನ್ನಡಿಯಂಥ ಲೆನ್ಸು. ಒಂದು ಗೀರೂ ಇರಲಿಲ್ಲ.

"ಅಷ್ಟು ದೂರದಿಂದ ಹಾಳಾದ್ದನ್ನ ಯಾಕಪ್ಪಾ ತರಕ್ಕೋದೆ? ಈಗ ಅವ್ರಿಗೆ ಏನಂತ ಹೇಳ್ಲಿ?" ಅಜ್ಜಿಯ ಕಣ್ಣು ತುಂಬಿತು. ಅಲ್ಲಿದ್ದವರೆಲ್ಲ ಅವನತ್ತ ನೋಡಿದರು. ಅವನು ತಲೆ ತಗ್ಗಿಸಿ ಲೆನ್ಸನ್ನು ಮತ್ತೆ ಬಟ್ಟೆಯಲ್ಲಿ ಸುತ್ತತೊಡಗಿದ. ನಾನು ಕ್ಯಾಮೆರಾವನ್ನು ಮತ್ತೆ ಹೆಗಲಿಗೆ ಹಾಕಿಕೊಂಡೆ.

ಅಜ್ಜಿ ಕಣ್ಣೊರೆಸಿಕೊಂಡು ನನ್ನ ಬೆನ್ನು ಸವರಿದರು. "ನೀನೇನ್ ಮಾಡೀಯಪ್ಪಾ, ಪಾಪ. ಬಾ, ಮೊದಲು ಊಟ ಮಾಡು."

ಹೋದೆ. ಉಂಡೆ.